ಕಾರು ಮಾರಿದರೂ ಬೋನಸ್ ನಿಮ್ಮದೇ: ಹಳೆ ಎನ್‌ಸಿಬಿಯನ್ನು ಹೊಸ ಕಾರಿನ ಇನ್ಶೂರೆನ್ಸ್‌ಗೆ ತರುವುದು ಹೇಗೆ?

ಕಳೆದ ವರ್ಷ ಅಕ್ಕ ಹೊಸ ಕಾರು ಬುಕ್ ಮಾಡುವಾಗ ನಾನೂ ಜೊತೆಗೆ ಶೋರೂಂಗೆ ಹೋಗಿದ್ದೆ. ಸೇಲ್ಸ್ ಹುಡುಗ ಒಂದು ಹಾಳೆ ತಂದು ಮೇಜಿನ ಮೇಲಿಟ್ಟ. ಎಕ್ಸ್-ಶೋರೂಂ ಬೆಲೆ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್‌ಟ್ಯಾಗ್, ಆಕ್ಸೆಸರೀಸ್, ಕೆಳಗೆ ಆನ್-ರೋಡ್ ಮೊತ್ತ. ಇನ್ಶೂರೆನ್ಸ್ ಎದುರಿಗೆ ಒಂದೇ ಒಂದು ಅಂಕಿ. ಅದು ಹೇಗೆ ಬಂತು ಅನ್ನುವ ವಿವರ ಇಲ್ಲ. "ಇದರ ಬ್ರೇಕಪ್ ಕೊಡ್ತೀರಾ?" ಎಂದು ಕೇಳಿದೆ. ಐದು ನಿಮಿಷ ಬಿಟ್ಟು ಇನ್ನೊಂದು ಹಾಳೆ ಬಂತು. ಅದರ ನಡುವೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ನೋ ಕ್ಲೈಮ್ ಬೋನಸ್, 0. ಕ್ಲೈಮ್ ಮಾಡದೆ, ಅಂದರೆ ಕಂಪನಿಯಿಂದ ರಿಪೇರಿ ಹಣ ಕೇಳದೆ ಕಳೆದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಅದು.

ಅಕ್ಕ ಹಳೆ ಕಾರನ್ನು ಒಂಬತ್ತು ವರ್ಷ ಓಡಿಸಿದ್ದಳು. ಕೊನೆಯ ಆರು ವರ್ಷದಲ್ಲಿ ಒಂದೇ ಒಂದು ಕ್ಲೈಮ್ ಮಾಡಿರಲಿಲ್ಲ. ಅವಳ ಪಾಲಿಸಿಯಲ್ಲಿ ಶೇ 50 ಬೋನಸ್ ಇತ್ತು. ಅದನ್ನು ಹೇಳಿದಾಗ ಆ ಹುಡುಗ, "ಅದು ಹಳೆ ಗಾಡಿದು ಮೇಡಂ, ಇದು ಹೊಸ ಗಾಡಿ ಅಲ್ವಾ, ಝೀರೋದಿಂದಲೇ ಶುರು" ಎಂದ. ಬೇಕೆಂದೇ ಸುಳ್ಳು ಹೇಳಿದ ಎಂದು ನನಗೆ ಅನ್ನಿಸಲಿಲ್ಲ. ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಆದರೆ ಮಾತು ತಪ್ಪು.

ನೋ ಕ್ಲೈಮ್ ಬೋನಸ್, ಅಂದರೆ ಎಲ್ಲರೂ ಕರೆಯುವ ಎನ್‌ಸಿಬಿ, ಕಾರಿಗೆ ಅಂಟಿಕೊಂಡಿರುವುದಲ್ಲ. ಅದು ಕಾರಿನ ಮಾಲೀಕರಿಗೆ ಸೇರಿದ್ದು. ಕಾರು ಬೇರೆಯವರ ಕೈಗೆ ಹೋದರೂ ಬೋನಸ್ ನಿಮ್ಮ ಹತ್ತಿರವೇ ಉಳಿಯುತ್ತದೆ. ನೀವು ಕೇಳಿ ಪಡೆಯಬೇಕು, ಅಷ್ಟೇ. ಇದು ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಮೊದಲ ಕಾರು ಮಾರಿದಾಗ ಕೀ, ಆರ್‌ಸಿ, ಪಾಲಿಸಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ ಕೊಟ್ಟುಬಿಟ್ಟಿದ್ದೆ. ನಾಲ್ಕು ವರ್ಷ ಕಾಪಾಡಿಕೊಂಡು ಬಂದ ಶೇ 45 ಬೋನಸ್ ಅದರ ಜೊತೆಗೇ ಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ. ಕೇಳಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ನಿಮಗೆ ಹಾಗಾಗಬಾರದು ಎಂದು ಇಷ್ಟನ್ನೂ ಬರೆಯುತ್ತಿದ್ದೇನೆ.

ಎಷ್ಟು ದುಡ್ಡಿನ ಮಾತು ಇದು?

ಕಾರಿನ ಪಾಲಿಸಿಯಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ: ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ. ಇದು ಕಾನೂನಿನ ಪ್ರಕಾರ ಕಡ್ಡಾಯ, ಇದರ ದರ ಸರ್ಕಾರ ನಿಗದಿ ಮಾಡಿದ್ದು, ಇದರ ಮೇಲೆ ಬೋನಸ್ ಇಲ್ಲ. ಇನ್ನೊಂದು ಓನ್ ಡ್ಯಾಮೇಜ್: ನಿಮ್ಮದೇ ಕಾರಿಗೆ ಆದ ಹಾನಿಗೆ. ಎನ್‌ಸಿಬಿ ಸಿಗುವುದು ಈ ಭಾಗದ ಮೇಲೆ ಮಾತ್ರ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇಟ್ಟುಕೊಂಡವರಿಗೆ ಬೋನಸ್ ಬೆಳೆಯುವುದೇ ಇಲ್ಲ.

ಬೆಳೆಯುವ ಲೆಕ್ಕ ಹೀಗಿದೆ. ಕ್ಲೈಮ್ ಇಲ್ಲದೆ ಒಂದು ವರ್ಷ ಮುಗಿದರೆ ಮುಂದಿನ ರಿನ್ಯೂವಲ್‌ನಲ್ಲಿ ಶೇ 20. ಸತತ ಎರಡು ವರ್ಷಕ್ಕೆ ಶೇ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮೇಲೆ ಏರುವುದಿಲ್ಲ, ಕ್ಲೈಮ್ ಆಗುವವರೆಗೆ 50ರಲ್ಲೇ ನಿಲ್ಲುತ್ತದೆ. ನಡುವೆ ಒಂದು ಕ್ಲೈಮ್ ಆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, ನೇರ ಸೊನ್ನೆಗೆ ಬೀಳುತ್ತದೆ.

ಹಳೆ ಕಾರಿಗಿಂತ ಹೊಸ ಕಾರಿನ ಮೇಲೆ ಈ ಬೋನಸ್‌ಗೆ ಬೆಲೆ ಜಾಸ್ತಿ. ಒಂಬತ್ತು ವರ್ಷದ ಕಾರಿನ ಐಡಿವಿ, ಅಂದರೆ ಕಂಪನಿ ಒಪ್ಪಿಕೊಂಡ ಕಾರಿನ ಬೆಲೆ, ತುಂಬಾ ಇಳಿದಿರುತ್ತದೆ. ಓನ್ ಡ್ಯಾಮೇಜ್ ಪ್ರೀಮಿಯಂ ಕೂಡ ಕಮ್ಮಿ. ಅದರಲ್ಲಿ ಅರ್ಧ ಉಳಿದರೂ ಕೈಗೆ ಸಿಗುವುದು ಸಣ್ಣ ಮೊತ್ತ. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ಉದಾಹರಣೆಗೆ 24,000 ರೂಪಾಯಿ ಎಂದುಕೊಳ್ಳಿ. ಶೇ 50 ಬೋನಸ್ ಎಂದರೆ 12,000 ಉಳಿಯಿತು. ಆ ಹನ್ನೆರಡು ಸಾವಿರದ ಮೇಲೆ ಕಟ್ಟಬೇಕಿದ್ದ ಶೇ 18 ಜಿಎಸ್‌ಟಿ 2,160 ಕೂಡ ಉಳಿಯಿತು. ಒಟ್ಟು 14,160 ರೂಪಾಯಿ, ಅದೂ ಮೊದಲ ವರ್ಷ ಒಂದರಲ್ಲೇ. ಅಷ್ಟು ದುಡ್ಡನ್ನು ಸುಮ್ನೆ ಬಿಟ್ಟು ಬರುವುದು ಯಾಕೆ?

ಮೊದಲ ಕೆಲಸ: ಹಳೆ ಪಾಲಿಸಿ ತೆಗೆದು ಓದಿ

ಕಾರು ಮಾರುವ ಯೋಚನೆ ಬಂದ ದಿನವೇ ಪಾಲಿಸಿ ಪಿಡಿಎಫ್ ತೆರೆಯಿರಿ. ಪ್ರೀಮಿಯಂ ಲೆಕ್ಕದ ಪಟ್ಟಿಯಲ್ಲಿ ನೋ ಕ್ಲೈಮ್ ಬೋನಸ್ ಎಂಬ ಸಾಲು ಹುಡುಕಿ. ಎದುರಿಗೆ ಶೇಕಡಾವಾರು ಇರುತ್ತದೆ. ಅದರ ಜೊತೆಗೆ ಪಾಲಿಸಿ ಮುಗಿಯುವ ತಾರೀಖು, ಪಾಲಿಸಿ ನಂಬರ್, ಚಾಸಿ ನಂಬರ್ ಬರೆದಿಟ್ಟುಕೊಳ್ಳಿ.

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. ಈಗಿನ ಪಾಲಿಸಿಯಲ್ಲಿ ಶೇ 35 ಎಂದಿದ್ದರೆ, ಅದು ಹಿಂದಿನ ಮೂರು ವರ್ಷದ ಫಲ. ಈಗ ನಡೆಯುತ್ತಿರುವ ವರ್ಷದ ಫಲ ಇನ್ನೂ ಅದರಲ್ಲಿ ಸೇರಿಲ್ಲ. ಈ ವರ್ಷ ಪೂರ್ತಿ 12 ತಿಂಗಳು ಕ್ಲೈಮ್ ಇಲ್ಲದೆ ಮುಗಿದರೆ ಮಾತ್ರ 45ಕ್ಕೆ ಏರುತ್ತೀರಿ. ಎಂಟನೇ ತಿಂಗಳಲ್ಲೇ ಕಾರು ಮಾರಿದರೆ ನಿಮಗೆ ಬರುವ ಪತ್ರದಲ್ಲಿ ಶೇ 35 ಎಂದೇ ಇರುತ್ತದೆ. ಹಾಗಾಗಿ ಪಾಲಿಸಿ ಮುಗಿಯಲು ಎರಡು ಮೂರು ವಾರ ಮಾತ್ರ ಬಾಕಿ ಇದ್ದರೆ, ಕೊಳ್ಳುವವರು ಕಾಯಲು ಒಪ್ಪಿದರೆ, ಮಾರಾಟವನ್ನು ಅಷ್ಟು ದಿನ ಮುಂದೂಡುವುದು ಲಾಭ. ತಿಂಗಳುಗಟ್ಟಲೆ ಕಾಯುವುದು ಬೇಡ, ಅಷ್ಟರಲ್ಲಿ ಕಾರಿನ ಬೆಲೆಯೇ ಇಳಿದಿರುತ್ತದೆ.

ಪಾಲಿಸಿ ಈಗಾಗಲೇ ಮುಗಿದುಹೋಗಿದೆ, ಕಾರು ಇನ್ನೂ ಮನೆಯ ಮುಂದೆ ನಿಂತಿದೆ ಎಂದಾದರೆ ಇಂದೇ ಎದ್ದು ಕೆಲಸ ಮಾಡಿ. ಮುಗಿದ 90 ದಿನದೊಳಗೆ ರಿನ್ಯೂ ಮಾಡಿದರೆ ಬೋನಸ್ ಉಳಿಯುತ್ತದೆ. 90 ದಾಟಿದರೆ ಅಷ್ಟೂ ವರ್ಷದ ಬೋನಸ್ ಹೋಯಿತು. ಈ 90 ದಿನ ಬೋನಸ್‌ಗೆ ಕೊಟ್ಟ ಅವಕಾಶ ಮಾತ್ರ, ಕಾರು ಓಡಿಸಲು ಕೊಟ್ಟ ಅವಕಾಶವಲ್ಲ. ಪಾಲಿಸಿ ಮುಗಿದ ಕಾರನ್ನು ರಸ್ತೆಗೆ ಇಳಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕಿದರೆ 4,000. ಅಪಘಾತವೇ ಆದರೆ ಪರಿಹಾರದ ಪೂರ್ತಿ ಹೊರೆ ನಿಮ್ಮ ತಲೆಯ ಮೇಲೆ ಬೀಳಬಹುದು.

ಮಾರುವ ದಿನ ಕೈಯಲ್ಲಿ ಏನು ಉಳಿಸಿಕೊಳ್ಳಬೇಕು?

ಬೋನಸ್ ಪತ್ರ ಕೊಡುವ ಮೊದಲು ಇನ್ಶೂರೆನ್ಸ್ ಕಂಪನಿ ನೋಡುವುದು ಒಂದೇ: ಕಾರು ನಿಜವಾಗಿಯೂ ನಿಮ್ಮ ಕೈಬಿಟ್ಟು ಹೋಗಿದೆಯಾ? ಅದಕ್ಕೆ ಪುರಾವೆ ಬೇಕು. ಮಾಲೀಕತ್ವ ಬದಲಾವಣೆಗೆ ಆರ್‌ಟಿಒಗೆ ಕೊಡುವ ಫಾರಂ 29 ಮತ್ತು ಫಾರಂ 30, ಕೊಂಡವರ ಸಹಿ ಇರುವ ಡೆಲಿವರಿ ನೋಟ್ ಅಥವಾ ಮಾರಾಟದ ಪತ್ರ, ಸಿಕ್ಕಿದರೆ ಹೊಸ ಮಾಲೀಕರ ಹೆಸರಿಗೆ ಬದಲಾದ ಆರ್‌ಸಿ. ಇವುಗಳಲ್ಲಿ ಯಾವುದು ಸಾಕು ಎನ್ನುವುದು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ಕೆಲವರು ಫಾರಂಗಳ ಪ್ರತಿಗೆ ಒಪ್ಪುತ್ತಾರೆ, ಕೆಲವರು ಬದಲಾದ ಆರ್‌ಸಿಯನ್ನೇ ಕೇಳುತ್ತಾರೆ.

ನಾನು ಒತ್ತಿ ಹೇಳುವುದು ಇಷ್ಟು: ಕಾಗದ ಕೈಬಿಡುವ ಮೊದಲು ಪ್ರತಿಯೊಂದು ಹಾಳೆಯ ಫೋಟೊ ತೆಗೆದುಕೊಳ್ಳಿ. ಸಹಿ ಹಾಕಿದ ಫಾರಂಗಳ ಎರಡೂ ಬದಿ. ಆರ್‌ಸಿಯ ಎರಡೂ ಬದಿ. ಕೊಂಡವರ ಗುರುತಿನ ಚೀಟಿ. ಕಾರು ಕೊಟ್ಟ ದಿನ, ಸಮಯ, ಕಿಲೋಮೀಟರ್ ಬರೆದ ಡೆಲಿವರಿ ನೋಟ್. ಅಕ್ಕನ ಕಾರನ್ನು ಎಕ್ಸ್‌ಚೇಂಜ್‌ಗೆ ತೆಗೆದುಕೊಂಡವರು ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಳ್ಳಲು ನೋಡಿದರು. "ಆಮೇಲೆ ನಾವೇ ತುಂಬಿಕೊಳ್ತೀವಿ" ಎಂದರು. ನಾವು ಒಪ್ಪಲಿಲ್ಲ. ಗಾಡಿ ನಂಬರ್, ಚಾಸಿ ನಂಬರ್, ತಾರೀಖು ಎಲ್ಲವನ್ನೂ ಅಲ್ಲೇ ಕೂತು ತುಂಬಿಸಿ, ಆಮೇಲೆ ಸಹಿ ಹಾಕಿ, ಫೋಟೊ ತೆಗೆದುಕೊಂಡೆವು. ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯಿತು. ಬೋನಸ್‌ಗೆ ಮಾತ್ರ ಅಲ್ಲ, ನಾಳೆ ಆ ಕಾರು ಎಲ್ಲಾದರೂ ಗುದ್ದಿದರೆ ಅಂದು ಅದು ನಿಮ್ಮ ಕೈಯಲ್ಲಿ ಇರಲಿಲ್ಲ ಎಂದು ತೋರಿಸಲೂ ಇವೇ ಕಾಗದ ಬೇಕು.

ಇನ್ನೊಂದು ಪ್ರಶ್ನೆ, ಹಳೆ ಪಾಲಿಸಿಯ ಉಳಿದ ತಿಂಗಳುಗಳ ಕಥೆ ಏನು? ಎರಡು ದಾರಿ. ಕೊಂಡವರು ಅದೇ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಅದಕ್ಕೆ ಅವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಆಗ ನಿಮ್ಮ ಬೋನಸ್ ಅವರಿಗೆ ಹೋಗುವುದಿಲ್ಲ. ಉಳಿದ ಅವಧಿಗೆ ನಿಮಗೆ ಕೊಟ್ಟಿದ್ದ ರಿಯಾಯಿತಿಯ ಹಣವನ್ನು ಅವರು ಕಟ್ಟಬೇಕು. ಇದನ್ನು ಎನ್‌ಸಿಬಿ ರಿಕವರಿ ಎನ್ನುತ್ತಾರೆ. ಮಾರುವಾಗಲೇ ಇದನ್ನು ಬಾಯಿಬಿಟ್ಟು ಹೇಳಿಬಿಡಿ, ಆಮೇಲೆ "ಇನ್ಶೂರೆನ್ಸ್ ಇದೆ ಅಂದಿದ್ರಲ್ಲ" ಎಂಬ ಜಗಳ ಬೇಡ. ಎರಡನೆಯ ದಾರಿ, ಕೊಂಡವರು ಬೇರೆ ಪಾಲಿಸಿ ಮಾಡಿಸಿದ ಮೇಲೆ ನಿಮ್ಮದನ್ನು ರದ್ದು ಮಾಡಿಸುವುದು. ಥರ್ಡ್ ಪಾರ್ಟಿ ಕಡ್ಡಾಯ ಆಗಿರುವುದರಿಂದ ಆ ಕಾರಿಗೆ ಬೇರೆ ಇನ್ಶೂರೆನ್ಸ್ ಇದೆ ಎಂದು ತೋರಿಸದೆ ರದ್ದು ಮಾಡುವುದಿಲ್ಲ. ರದ್ದು ಮಾಡಿಸುವಾಗ ಉಳಿದ ಅವಧಿಯ ಪ್ರೀಮಿಯಂ ಎಷ್ಟು ವಾಪಸ್ ಬರುತ್ತದೆ ಎಂದು ಕೇಳಲು ಮರೆಯಬೇಡಿ.

ಪತ್ರ ಕೇಳಿ ಪಡೆಯಿರಿ

ಈಗ ಮುಖ್ಯ ಕೆಲಸ. ಹಳೆ ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಮಾಡಿ ಎನ್‌ಸಿಬಿ ರಿಸರ್ವಿಂಗ್ ಲೆಟರ್ ಕೇಳಿ. ಕೆಲವು ಕಡೆ ರಿಟೆನ್ಷನ್ ಲೆಟರ್ ಎಂದೂ ಎನ್ನುತ್ತಾರೆ, ಎರಡೂ ಒಂದೇ. ಏಜೆಂಟ್ ಮೂಲಕವೂ ಆಗುತ್ತದೆ. ಆದರೆ ಇಮೇಲ್ ಇದ್ದರೆ ನೀವು ಯಾವತ್ತು ಕೇಳಿದಿರಿ ಎಂಬುದಕ್ಕೆ ಗುರುತು ಉಳಿಯುತ್ತದೆ. ಜಾಸ್ತಿ ಬರೆಯಬೇಕಾಗಿಲ್ಲ:

"ನನ್ನ ಹೆಸರಿನಲ್ಲಿದ್ದ ಈ ಪಾಲಿಸಿ ನಂಬರಿನ, ಈ ನೋಂದಣಿ ಸಂಖ್ಯೆಯ ಕಾರನ್ನು ಈ ತಾರೀಖಿನಂದು ಮಾರಿದ್ದೇನೆ. ಪಾಲಿಸಿ ಅವಧಿಯಲ್ಲಿ ಯಾವ ಕ್ಲೈಮ್ ಕೂಡ ಮಾಡಿಲ್ಲ. ನನ್ನ ನೋ ಕ್ಲೈಮ್ ಬೋನಸ್ ಕಾಯ್ದಿರಿಸಿ ಪತ್ರ ಕೊಡಿ. ಮಾರಾಟದ ದಾಖಲೆ ಮತ್ತು ಪಾಲಿಸಿ ಪ್ರತಿ ಲಗತ್ತಿಸಿದ್ದೇನೆ."

ಪತ್ರ ಬಂದ ತಕ್ಷಣ ಫೋಲ್ಡರಿಗೆ ಹಾಕಿ ಮರೆಯಬೇಡಿ, ಕೂತು ಓದಿ. ಅಕ್ಕನ ಪತ್ರ ಒಂದೇ ಪುಟದ್ದು. ಅದರಲ್ಲಿ ಅವಳ ಹೆಸರು, ಹಳೆ ಗಾಡಿಯ ನಂಬರ್, ಪಾಲಿಸಿ ನಂಬರ್, ಬೋನಸ್ ಶೇ 50, ಯಾವ ತಾರೀಖಿನವರೆಗೆ ಬಳಸಬಹುದು ಎಂಬ ಸಾಲು. ಎಲ್ಲ ಸರಿ ಇತ್ತು, ಹೆಸರಿನಲ್ಲಿ ಮಾತ್ರ ಇನಿಶಿಯಲ್ ಬಿಟ್ಟುಹೋಗಿತ್ತು. ಆಧಾರ್‌ನಲ್ಲಿ ಇನಿಶಿಯಲ್ ಇದೆ, ಹೊಸ ಕಾರಿನ ಬಿಲ್ಲಿನಲ್ಲೂ ಇದೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಹೊಸ ಕಂಪನಿಯ ಸಿಬ್ಬಂದಿ ಹೆಸರು ಹೊಂದುತ್ತಿಲ್ಲ ಎಂದು ತಳ್ಳಿಬಿಟ್ಟರೆ ಮತ್ತೆ ಓಡಾಟ. ಅದೇ ದಿನ ತಿದ್ದಿಸಿದೆವು.

ಕಾರು ಮಾರಿದವರಿಗೆ ಈ ಬೋನಸ್ ಹಳೆ ಪಾಲಿಸಿ ಮುಗಿದ ದಿನದಿಂದ ಮೂರು ವರ್ಷದವರೆಗೆ ಉಳಿಯುತ್ತದೆ. ಈಗಲೇ ಹೊಸ ಕಾರು ಕೊಳ್ಳುವ ಯೋಚನೆ ಇಲ್ಲದಿದ್ದರೂ ಪತ್ರ ಮಾತ್ರ ಈಗಲೇ ತೆಗೆದಿಡಿ. ಎರಡು ವರ್ಷ ಬಿಟ್ಟು ಹಳೆ ಕಾಗದ ಹುಡುಕಿಕೊಂಡು ಕಂಪನಿಯ ಬಾಗಿಲಿಗೆ ಹೋಗುವುದು ಕಷ್ಟದ ಕೆಲಸ. ಒಂದು ಎಚ್ಚರಿಕೆ: 90 ದಿನದ ನಿಯಮ ಕಾರು ಇಟ್ಟುಕೊಂಡು ರಿನ್ಯೂ ಮಾಡದವರಿಗೆ, ಮೂರು ವರ್ಷದ ನಿಯಮ ಕಾರು ಮಾರಿದವರಿಗೆ. ಇವೆರಡನ್ನು ಕಲಸಿ ಹೇಳುವವರು ತುಂಬಾ ಜನ ಇದ್ದಾರೆ.

ಹೊಸ ಕಾರು ಮೊದಲು ಬಂದು, ಹಳೆಯದು ಇನ್ನೂ ಮಾರಾಟ ಆಗದಿದ್ದರೆ?

ಇದು ನಿಜವಾದ ತಲೆನೋವು, ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಆಗುವುದೇ ಹೀಗೆ. ಒಂದೇ ಬೋನಸ್ ಅನ್ನು ಒಂದೇ ಹೊತ್ತಿಗೆ ಎರಡು ಕಾರಿಗೆ ಹಾಕಲು ಆಗುವುದಿಲ್ಲ. ಹಳೆ ಕಾರು ನಿಮ್ಮ ಹೆಸರಿನಲ್ಲೇ, ಬೋನಸ್ ಹಾಕಿದ ಪಾಲಿಸಿಯ ಜೊತೆಗೇ ಇದ್ದರೆ ಪತ್ರ ಸಿಗುವುದು ಕಷ್ಟ.

ಸಾಧ್ಯವಿದ್ದರೆ ಹೊಸ ಕಾರಿನ ಡೆಲಿವರಿಗೆ ಒಂದೆರಡು ವಾರ ಮೊದಲು ಹಳೆಯದನ್ನು ಮಾರಿ. ಎಕ್ಸ್‌ಚೇಂಜ್ ಆದರೆ ಹಳೆ ಕಾರು ಕೊಡುವ ದಿನವನ್ನು ಮುಂಚೆ ಇಟ್ಟುಕೊಳ್ಳಿ. ಆಟೊದಲ್ಲಿ ಎರಡು ವಾರ ಓಡಾಡಿದರೂ ಲೆಕ್ಕದಲ್ಲಿ ನಿಮಗೇ ಲಾಭ. ಅದು ಆಗಲೇ ಇಲ್ಲ, ಹೊಸ ಕಾರಿಗೆ ಬೋನಸ್ ಇಲ್ಲದೆಯೇ ಪಾಲಿಸಿ ಮಾಡಿಸಬೇಕಾಯಿತು ಎಂದರೂ ಕೈಚೆಲ್ಲಬೇಡಿ. ಹಳೆಯದು ಮಾರಿದ ಮೇಲೆ ಪತ್ರ ತೆಗೆದುಕೊಳ್ಳಿ. ಹೊಸ ಕಾರಿನ ಪಾಲಿಸಿಗೆ ನಡುವೆಯೇ ಸೇರಿಸಲು ಆಗುತ್ತದಾ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಿ. ಆಗದಿದ್ದರೆ ಮೊದಲ ರಿನ್ಯೂವಲ್‌ನಲ್ಲಿ ಬಳಸುವ ಬಗ್ಗೆ ಕೇಳಿ. ಆಗ ಹೊಸ ಕಾರು ಗಳಿಸಿದ ಶೇ 20 ಮತ್ತು ಹಳೆಯ 50 ಕೂಡಿ 70 ಆಗುವುದಿಲ್ಲ, ಒಂದನ್ನು ಮಾತ್ರ ಹಾಕುತ್ತಾರೆ.

ಶೋರೂಂ ಮೇಜಿನ ಮುಂದೆ

ಡೀಲರ್ ಹತ್ತಿರವೇ ಇನ್ಶೂರೆನ್ಸ್ ತೆಗೆದುಕೊಳ್ಳಬೇಕು ಎಂಬ ನಿಯಮ ಎಲ್ಲೂ ಇಲ್ಲ. ಯಾವ ಕಂಪನಿ ಎನ್ನುವುದು ನಿಮ್ಮ ಆಯ್ಕೆ. ಹಳೆ ಪಾಲಿಸಿ ಒಂದು ಕಂಪನಿಯದು, ಹೊಸದು ಇನ್ನೊಂದರದು ಆದರೂ ಬೋನಸ್ ನಡೆಯುತ್ತದೆ. ಪತ್ರವನ್ನು ಮುಂದಿಟ್ಟು, "ಇದನ್ನು ಹಾಕಿ ಕೊಟೇಶನ್ ಕೊಡಿ, ಓನ್ ಡ್ಯಾಮೇಜ್ ಎಷ್ಟು, ಥರ್ಡ್ ಪಾರ್ಟಿ ಎಷ್ಟು, ಆಡ್-ಆನ್ ಎಷ್ಟು, ಜಿಎಸ್‌ಟಿ ಎಷ್ಟು, ಬೇರೆ ಬೇರೆ ತೋರಿಸಿ" ಎನ್ನಿ. ಆಡ್-ಆನ್ ಎಂದರೆ ಜಾಸ್ತಿ ದುಡ್ಡು ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ. ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷದ್ದು ಒಟ್ಟಿಗೆ ಕಟ್ಟಬೇಕು, ಓನ್ ಡ್ಯಾಮೇಜ್ ಒಂದು ವರ್ಷಕ್ಕೆ ಸಾಕು. ಈ ವಿಂಗಡಣೆ ಇಲ್ಲದ ಹಾಳೆಯಿಂದ ಏನೂ ಗೊತ್ತಾಗುವುದಿಲ್ಲ.

ಮನೆಯಲ್ಲೇ ಕೂತು ಬೇರೆ ಎರಡು ಕಂಪನಿಗಳ ಕೊಟೇಶನ್ ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಂಡು ಹೋಗಿ. ಐಡಿವಿ ಒಂದೇ ಇರಲಿ, ಆಡ್-ಆನ್ ಒಂದೇ ಇರಲಿ, ಆಗ ಮಾತ್ರ ಹೋಲಿಕೆ ಸರಿ. ಕೆಲವೊಮ್ಮೆ ಬೋನಸ್ ಹಾಕಿದ ಹಾಗೆ ಮಾಡಿ ಐಡಿವಿ ಇಳಿಸಿರುತ್ತಾರೆ, ಅಥವಾ ಬೇಡದ ಆಡ್-ಆನ್ ಸೇರಿಸಿರುತ್ತಾರೆ. ಕೊನೆಯ ಮೊತ್ತ ನೋಡಿ ಖುಷಿಪಟ್ಟರೆ ಇದು ಕಣ್ಣಿಗೆ ಬೀಳುವುದಿಲ್ಲ.

ಪತ್ರ ತೋರಿಸಿದ ಮೇಲೆ ಅಕ್ಕನಿಗೆ ಶೋರೂಂನವರು ಹೊಸ ಹಾಳೆ ಕೊಟ್ಟರು. ಅದೇ ಸೇಲ್ಸ್ ಹುಡುಗ ಪತ್ರವನ್ನು ಎರಡು ಸಲ ಓದಿ, ತನ್ನ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡ. "ಮುಂದಿನ ಕಸ್ಟಮರ್‌ಗೆ ಹೇಳ್ತೀನಿ" ಎಂದ. ನನಗೆ ಅದು ತುಂಬಾ ಇಷ್ಟವಾಯಿತು.

ಹೆಸರು ಬದಲಾದರೆ ಬೋನಸ್ ಇಲ್ಲ

ಹಳೆ ಕಾರು ಯಾರ ಹೆಸರಿನಲ್ಲಿತ್ತೋ ಹೊಸದೂ ಅವರ ಹೆಸರಿನಲ್ಲೇ ಇರಬೇಕು. ಗಂಡನ ಬೋನಸ್ ಹೆಂಡತಿಯ ಕಾರಿಗೆ ಬರುವುದಿಲ್ಲ. ಅಪ್ಪನ ಬೋನಸ್ ಮಗಳ ಕಾರಿಗೆ ಬರುವುದಿಲ್ಲ. ಒಂದೇ ಮನೆ, ಒಂದೇ ವಿಳಾಸ, ಒಂದೇ ಜೇಬಿನ ದುಡ್ಡು ಆದರೂ ಅಷ್ಟೇ. ಹೊಸ ಕಾರನ್ನು ಯಾರ ಹೆಸರಿನಲ್ಲಿ ಕೊಳ್ಳುವುದು ಎಂದು ಮನೆಯಲ್ಲಿ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬುಕಿಂಗ್ ಆದ ಮೇಲೆ ಹೆಸರು ಬದಲಿಸುವುದು ದೊಡ್ಡ ರಗಳೆ.

ಇದಕ್ಕೆ ಇರುವ ಮುಖ್ಯ ವಿನಾಯಿತಿ ಮಾಲೀಕರು ತೀರಿಕೊಂಡಾಗ. ಆ ಕಾರು ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ತಂದೆ ತಾಯಿಗೆ ಬಂದರೆ ಬೋನಸ್ ಕೂಡ ಅವರಿಗೆ ಬರುತ್ತದೆ. ಅಂಥ ದಿನಗಳಲ್ಲಿ ಇನ್ಶೂರೆನ್ಸ್ ಯಾರಿಗೂ ನೆನಪಾಗುವುದಿಲ್ಲ, ಅದು ಸಹಜ. ನಿಮ್ಮ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಹೀಗಾಗಿದ್ದರೆ, ಕಾರಿನ ಪಾಲಿಸಿ ಯಾವಾಗ ಮುಗಿಯುತ್ತದೆ ಎಂದು ಒಮ್ಮೆ ನೋಡಿಕೊಡಿ. ದೊಡ್ಡ ಉಪಕಾರ ಆಗುತ್ತದೆ.

ವಾಹನದ ವರ್ಗವೂ ಒಂದೇ ಆಗಿರಬೇಕು. ಸ್ಕೂಟರಿನ ಬೋನಸ್ ಕಾರಿಗೆ ನಡೆಯದು. ಪೆಟ್ರೋಲ್ ಕಾರಿನಿಂದ ಎಲೆಕ್ಟ್ರಿಕ್ ಕಾರಿಗೆ ನಡೆಯುತ್ತದೆ, ಎರಡೂ ಖಾಸಗಿ ಕಾರೇ ತಾನೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೂ ಇದೇ ನಿಯಮ, ಸ್ವಲ್ಪ ತಿರುಗಿಸಿ ನೋಡಬೇಕು. ಮಾರುವವರ ಪಾಲಿಸಿಯಲ್ಲಿ ಶೇ 50 ಇದೆ ಎಂದು ಅವರ ಹೆಸರಿನಲ್ಲೇ ಓಡಿಸಿಕೊಂಡಿದ್ದರೆ ಅದು ನಿಮ್ಮದಾಗುವುದಿಲ್ಲ. ನಾಳೆ ಕ್ಲೈಮ್ ಹಾಕಿದಾಗ ಆರ್‌ಸಿಯಲ್ಲಿ ನಿಮ್ಮ ಹೆಸರು, ಪಾಲಿಸಿಯಲ್ಲಿ ಅವರ ಹೆಸರು. ಹಣ ಬರುವುದಿಲ್ಲ. ಆದರೆ ನಿಮ್ಮ ಹಿಂದಿನ ಕಾರಿನ ಬೋನಸ್ ಪತ್ರ ಇದ್ದರೆ ಅದನ್ನು ಈ ಸೆಕೆಂಡ್ ಹ್ಯಾಂಡ್ ಕಾರಿಗೆ ಧಾರಾಳವಾಗಿ ಬಳಸಬಹುದು.

ಹೊರದೇಶದಲ್ಲಿ ಕಾರು ಇಟ್ಟುಕೊಂಡಿದ್ದು ಈಗ ಭಾರತಕ್ಕೆ ವಾಪಸ್ ಬರುತ್ತಿರುವವರಿಗೂ ಒಂದು ಮಾತು. ಅಲ್ಲಿ ಗಳಿಸಿದ ನೋ ಕ್ಲೈಮ್ ಇತಿಹಾಸಕ್ಕೂ ಇಲ್ಲಿ ಬೆಲೆ ಇದೆ, ಅಲ್ಲಿನ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ಪಾಲಿಸಿ ತೆಗೆದುಕೊಂಡರೆ. ವಿಮಾನ ಹತ್ತುವ ಮೊದಲೇ ಅಲ್ಲಿನ ಕಂಪನಿಯಿಂದ ಪತ್ರ ತರಿಸಿಕೊಳ್ಳಿ.

ಒಂದು ಸಣ್ಣ ಸುಳ್ಳು ಬೇಡ

ಆನ್‌ಲೈನ್‌ನಲ್ಲಿ ಪಾಲಿಸಿ ಮಾಡಿಸುವಾಗ ಒಂದು ಪ್ರಶ್ನೆ ಬರುತ್ತದೆ: ಕಳೆದ ಪಾಲಿಸಿಯಲ್ಲಿ ಕ್ಲೈಮ್ ಮಾಡಿದ್ದೀರಾ? ಹೌದು, ಇಲ್ಲ, ಎರಡು ಬಟನ್. ಇಲ್ಲ ಎಂದು ಒತ್ತಿದರೆ ಪ್ರೀಮಿಯಂ ಕಣ್ಣೆದುರಿಗೇ ಇಳಿಯುತ್ತದೆ. ಎರಡು ಸಾವಿರದ ಬಂಪರ್ ಕ್ಲೈಮ್, ಯಾರು ನೋಡುತ್ತಾರೆ ಅನ್ನಿಸುತ್ತದೆ. ಕೆಲವು ಏಜೆಂಟರು ನಿಮ್ಮನ್ನು ಕೇಳದೆಯೇ ಒತ್ತಿಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಕಂಪನಿ ಹಳೆ ಕಂಪನಿಯನ್ನು ಕೇಳಿ ಖಚಿತ ಮಾಡಿಕೊಳ್ಳುತ್ತದೆ. ಎಷ್ಟೋ ಸಲ ಅದು ಗೊತ್ತಾಗುವುದು ನೀವು ದೊಡ್ಡ ಕ್ಲೈಮ್ ಹಾಕಿದ ದಿನ. ನೀವು ಸಹಿ ಹಾಕುವ ಡಿಕ್ಲರೇಶನ್‌ನಲ್ಲೇ ಇರುತ್ತದೆ: ಹೇಳಿದ್ದು ತಪ್ಪಾಗಿದ್ದರೆ ಓನ್ ಡ್ಯಾಮೇಜ್ ಭಾಗದ ಎಲ್ಲ ಲಾಭ ಮುಟ್ಟುಗೋಲು. ಕೆಲವು ಸಾವಿರ ಉಳಿಸಲು ಹೋಗಿ ಲಕ್ಷಗಟ್ಟಲೆ ರಿಪೇರಿ ಬಿಲ್ ಕೈಯಿಂದ ಕಟ್ಟುವ ಹಾಗಾಗುತ್ತದೆ. ಏಜೆಂಟ್ ತುಂಬಿಸಿದ ಫಾರಂ ಆದರೂ ಜವಾಬ್ದಾರಿ ನಿಮ್ಮದೇ. ಈಗಾಗಲೇ ತಪ್ಪಾಗಿ ಬೋನಸ್ ಪಡೆದಿದ್ದೀರಿ ಎಂದು ಗೊತ್ತಾದರೆ, ಕಂಪನಿಗೆ ಬರೆದು ವ್ಯತ್ಯಾಸದ ಹಣ ಕಟ್ಟಿ ಸರಿಮಾಡಿಸಿ. ಅಪಘಾತ ಆಗುವ ಮೊದಲು ಮಾಡಿದರೆ ಮಾತ್ರ ಇದಕ್ಕೆ ಅರ್ಥ.

ಮಾರುವ ಮೊದಲು ಕ್ಲೈಮ್ ಮಾಡಿ ಕಾರನ್ನು ಚಂದ ಮಾಡಿಸಬೇಕಾ?

ಇದನ್ನು ಬಹಳ ಜನ ಮಾಡುತ್ತಾರೆ. ಮಾರುವ ಮುಂಚೆ ಗೀರು, ತಗ್ಗು ಎಲ್ಲ ಇನ್ಶೂರೆನ್ಸ್‌ನಲ್ಲಿ ಸರಿ ಮಾಡಿಸಿದರೆ ನಾಲ್ಕು ಕಾಸು ಜಾಸ್ತಿ ಬರುತ್ತದೆ ಎಂಬ ಲೆಕ್ಕ. ಆದರೆ ಆ ಒಂದು ಕ್ಲೈಮ್‌ನಿಂದ ಹೊಸ ಕಾರಿಗೆ ತರಬೇಕಿದ್ದ ಬೋನಸ್ ಸೊನ್ನೆಯಾಗುತ್ತದೆ.

ಶೇ 50ರಲ್ಲಿ ಇರುವವರು ಕ್ಲೈಮ್ ಮಾಡಿದರೆ ಎಷ್ಟು ಕಳೆದುಕೊಳ್ಳುತ್ತಾರೆ ನೋಡಿ. ಮುಂದಿನ ವರ್ಷ 0, ಅಂದರೆ 50ರ ನಷ್ಟ. ಅದರ ಮುಂದೆ 20, ಅಂದರೆ 30ರ ನಷ್ಟ. ಆಮೇಲೆ 25, 35, 45. ನಷ್ಟ 25, 15, 5. ಎಲ್ಲ ಕೂಡಿದರೆ 125. ಒಂದು ವರ್ಷದ ಪೂರ್ತಿ ಓನ್ ಡ್ಯಾಮೇಜ್ ಪ್ರೀಮಿಯಂಗಿಂತ ಕಾಲು ಭಾಗ ಜಾಸ್ತಿ! ಪ್ರೀಮಿಯಂ ವರ್ಷಕ್ಕೆ 20,000 ಎಂದರೆ ಐದು ವರ್ಷದಲ್ಲಿ ಸುಮಾರು 25,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಮ್ಮಿ ಇರಬಹುದು. ಇದರ ಮೇಲೆ ಪ್ರತಿ ಕ್ಲೈಮ್‌ನಲ್ಲೂ ನೀವು ಕೈಯಿಂದ ಹಾಕಲೇಬೇಕಾದ ಕಡ್ಡಾಯ ಪಾಲು ಬೇರೆ: 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ.

ಹಾಗಾಗಿ ಆರು ಸಾವಿರ, ಎಂಟು ಸಾವಿರದ ಕೆಲಸಕ್ಕೆ ಕ್ಲೈಮ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ದೊಡ್ಡ ಅಪಘಾತವಾದರೆ ಮಾತ್ರ ಬೋನಸ್ ಮುಖ ನೋಡಿ ಹಿಂಜರಿಯಬೇಡಿ, ಇನ್ಶೂರೆನ್ಸ್ ಇರುವುದೇ ಅದಕ್ಕೆ. ಕ್ಲೈಮ್ ಆದರೂ ಬೋನಸ್ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಎಂಬ ಆಡ್-ಆನ್ ಇದೆ. ಶೇ 45, 50ರಲ್ಲಿ ಇರುವವರು ಅದರ ಬೆಲೆ ಕೇಳಿ ನೋಡಬಹುದು. ವರ್ಷಕ್ಕೆ ಎಷ್ಟು ಕ್ಲೈಮ್‌ವರೆಗೆ ಉಳಿಸುತ್ತದೆ ಎಂಬುದನ್ನು ಓದಿಯೇ ತೆಗೆದುಕೊಳ್ಳಿ.

ಹೊಸ ಪಾಲಿಸಿ ಕೈಗೆ ಬಂದ ಮೇಲೆ

ಕಾರಿನ ಕೀ ಸಿಕ್ಕಿದ ಸಂಭ್ರಮದಲ್ಲಿ ಪಾಲಿಸಿ ಓದಲು ಮನಸ್ಸು ಬರುವುದಿಲ್ಲ. ಆದರೂ ಅದೇ ದಿನ ರಾತ್ರಿ ಹತ್ತು ನಿಮಿಷ ಕೊಡಿ. ಎನ್‌ಸಿಬಿ ಸಾಲಿನಲ್ಲಿ ನಿಮ್ಮ ಪತ್ರದಲ್ಲಿರುವ ಶೇಕಡಾವಾರೇ ಇದೆಯಾ? ಹಿಂದಿನ ಪಾಲಿಸಿ ನಂಬರ್ ಮತ್ತು ಕಂಪನಿಯ ಹೆಸರು ಸರಿ ಇದೆಯಾ? ನಿಮ್ಮ ಹೆಸರು ಆರ್‌ಸಿಯಲ್ಲಿ ಬರುವ ಹಾಗೇ ಇದೆಯಾ? ಕೊಟೇಶನ್‌ನಲ್ಲಿ ಹೇಳಿದ ಐಡಿವಿಯೇ ಇದೆಯಾ? ತಪ್ಪಿದ್ದರೆ ಅಂದೇ ಇಮೇಲ್ ಮಾಡಿ, ಎಂಡೋರ್ಸ್‌ಮೆಂಟ್, ಅಂದರೆ ಪಾಲಿಸಿಯ ಲಿಖಿತ ತಿದ್ದುಪಡಿ ಕೇಳಿ. ಬಾಯಿಮಾತಿನ ಭರವಸೆ ಸಾಕಾಗುವುದಿಲ್ಲ, ತಿದ್ದಿದ ಕಾಗದ ಕೈಗೆ ಬರಬೇಕು.

ಹಳೆ ಕಂಪನಿ ಪತ್ರ ಕೊಡದೆ ಎಳೆದಾಡಿದರೆ, ಅಥವಾ ಹೊಸ ಕಂಪನಿ ಪತ್ರ ಇದ್ದರೂ ಒಪ್ಪದಿದ್ದರೆ, ಮೊದಲು ಆ ಕಂಪನಿಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. ಉತ್ತರ ಸಿಗದಿದ್ದರೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. 155255ಕ್ಕೆ ಫೋನ್ ಮಾಡಿಯೂ ಹೇಳಬಹುದು. ಒಂದು ತಿಂಗಳಾದರೂ ಕಂಪನಿ ಸುಮ್ಮನಿದ್ದರೆ, ಅಥವಾ ಕೊಟ್ಟ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು ಎಂಬುದಷ್ಟೇ ನೆನಪಿರಲಿ. ಮೊದಲ ದಿನ ಕಳಿಸಿದ ಆ ಇಮೇಲ್ ಮತ್ತು ಮಾರಾಟದ ದಿನದ ಫೋಟೊಗಳು ಕೆಲಸಕ್ಕೆ ಬರುವುದು ಆಗಲೇ.